ಹೊಸ ಲಕ್ಷಣಕ್ಕೆ ಹಳೆಯ ಕಾಯಿಲೆಯೇ ಕಾರಣವೇ? ಓದುಗರ ಪ್ರಶ್ನೆ, ವೈದ್ಯರ ಉತ್ತರ

ಮೊದಲೇ ಒಂದು ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರು ಕ್ಯಾನ್ಸರಿನ ಬಗ್ಗೆ ಕೇಳಿರುವ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬಿಪಿಗೋ ಸಕ್ಕರೆಗೋ ಮೂರು ತಿಂಗಳಿಗೊಮ್ಮೆ ವೈದ್ಯರನ್ನು ಕಾಣುವವರಲ್ಲಿ ರಕ್ತಹೀನತೆ, ತೂಕದ ಇಳಿಕೆ ಮುಂತಾದವು ಬೇಗ ಕಣ್ಣಿಗೆ ಬೀಳುವ ಸಾಧ್ಯತೆ ಇದೆ. ಆದರೆ ಹೊಸದಾಗಿ ಶುರುವಾದ ತೊಂದರೆಗೂ ಹಳೆಯ ಕಾಯಿಲೆಯೇ ಕಾರಣವೆಂದು ರೋಗಿ, ಮನೆಯವರು, ಕೆಲವೊಮ್ಮೆ ವೈದ್ಯರೂ ತೀರ್ಮಾನಿಸಿಬಿಟ್ಟರೆ ತಿಂಗಳುಗಟ್ಟಲೆ ಸಮಯ ಕಳೆದುಹೋಗುತ್ತದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು.

ಪ್ರಶ್ನೆ: ನನ್ನ ತಂದೆಯವರಿಗೆ 64 ವರ್ಷ. ಎಂಟು ತಿಂಗಳ ಹಿಂದೆ ಮೊದಲ ಬಾರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ನಮ್ಮ ಮನೆತನದಲ್ಲಿ ಬೇರೆ ಯಾರಿಗೂ ಇಲ್ಲ. ಪಥ್ಯ, ಮಾತ್ರೆ ಎರಡನ್ನೂ ಶಿಸ್ತಿನಿಂದ ಪಾಲಿಸಿದರೂ ಸಕ್ಕರೆ ಹತೋಟಿಗೆ ಬರುತ್ತಿಲ್ಲ, ತೂಕ 7 ಕಿಲೋ ಇಳಿದಿದೆ. ಶುಗರ್ ಬಂದವರು ಸೊರಗುವುದು ಸಹಜ ಎಂದು ಎಲ್ಲರೂ ಹೇಳುತ್ತಾರೆ. ಇಷ್ಟಕ್ಕೆ ಬಿಡಬಹುದೇ?
– ಓದುಗರು, ಹಾಸನ

ಉತ್ತರ: ಬಿಡಬೇಡಿ. ಹಾಗೆಂದು ಗಾಬರಿಯನ್ನೂ ಪಡಬೇಡಿ. ಇನ್ಸುಲಿನ್ ಸಾಲದೆ ಸಕ್ಕರೆ ಮೂತ್ರದಲ್ಲಿ ಹರಿದುಹೋಗುವಾಗ ತೂಕ ಇಳಿಯುವುದು ನಿಜ. ಆದರೆ ಚಿಕಿತ್ಸೆ ಶುರುವಾಗಿ ಸಕ್ಕರೆ ಹತೋಟಿಗೆ ಬಂದಂತೆ ಆ ಇಳಿಕೆ ನಿಲ್ಲಬೇಕು. ಐವತ್ತು ದಾಟಿದ ಮೇಲೆ, ಕುಟುಂಬದ ಹಿನ್ನೆಲೆ ಇಲ್ಲದೆ, ದಪ್ಪಗಾಗುವ ಬದಲು ಸೊರಗುತ್ತಲೇ ಬಂದ ಸಕ್ಕರೆ ಕಾಯಿಲೆಯನ್ನು ಕಂಡಾಗ ವೈದ್ಯರು ಮೇದೋಜೀರಕ ಗ್ರಂಥಿಯ ಬಗ್ಗೆ ಒಮ್ಮೆ ಯೋಚಿಸಲೇಬೇಕು. ಇನ್ಸುಲಿನ್ ತಯಾರಾಗುವುದು ಆ ಗ್ರಂಥಿಯಲ್ಲೇ. ಅಲ್ಲಿ ಬೆಳೆಯುವ ಗೆಡ್ಡೆ ನೋವನ್ನಾಗಲಿ ಕಾಮಾಲೆಯನ್ನಾಗಲಿ ತೋರಿಸುವುದಕ್ಕೆ ಮೊದಲೇ ಸಕ್ಕರೆಯ ನಿಯಂತ್ರಣವನ್ನು ಕೆಡಿಸಬಲ್ಲದು. ಅಂದರೆ ಕೆಲವರಲ್ಲಿ ಸಕ್ಕರೆ ಕಾಯಿಲೆಯೇ ಕ್ಯಾನ್ಸರಿನ ಮೊದಲ ಲಕ್ಷಣವಾಗಿರುತ್ತದೆ.

ಇದು ಎಷ್ಟು ಜನರಲ್ಲಿ ಎಂಬುದೂ ತಿಳಿದಿರಲಿ. ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್ ಪ್ರದೇಶದಲ್ಲಿ 50 ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂದ ಸುಮಾರು 2,100 ಜನರ ದಾಖಲೆಗಳನ್ನು ಪರಿಶೀಲಿಸಿ 2005ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅವರಲ್ಲಿ ಮೂರು ವರ್ಷದೊಳಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಯಾದವರು ನೂರಕ್ಕೆ ಒಬ್ಬರಿಗಿಂತ ತುಸು ಕಡಿಮೆ. ಆದ್ದರಿಂದಲೇ ಹೊಸದಾಗಿ ಸಕ್ಕರೆ ಬಂದ ಎಲ್ಲರಿಗೂ ಸ್ಕ್ಯಾನ್ ಮಾಡಿಸುವ ಪದ್ಧತಿ ಇಲ್ಲ. ಆದರೆ ವಯಸ್ಸು, ತೂಕದ ಇಳಿಕೆ, ಮಾತ್ರೆಗೆ ಬಗ್ಗದೆ ಏರುವ ಸಕ್ಕರೆ ಇವು ಮೂರೂ ಕೂಡಿರುವ ನಿಮ್ಮ ತಂದೆಯವರು ಪರೀಕ್ಷೆ ಮಾಡಿಸಿಕೊಳ್ಳುವುದು ನ್ಯಾಯವಾಗಿದೆ. ಹೊಟ್ಟೆಯ ಮೇಲ್ಭಾಗದ ನೋವು ಬೆನ್ನಿಗೆ ಹಬ್ಬುವುದು, ಮಲ ಎಣ್ಣೆಯಂತೆ ತೇಲುವುದು, ಮೈ ತುರಿಕೆಯೊಂದಿಗೆ ಕಣ್ಣು ಹಳದಿಯಾಗುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಒಂದು ವಾರವೂ ಕಾಯಬೇಡಿ.

ಸಾಮಾನ್ಯ ಅಲ್ಟ್ರಾಸೌಂಡ್‌ನಲ್ಲಿ ಏನೂ ಇಲ್ಲ ಎಂದು ಬಂದರೆ ಅಷ್ಟಕ್ಕೇ ಸಮಾಧಾನಪಡುವಂತಿಲ್ಲ. ಈ ಗ್ರಂಥಿ ಜಠರದ ಹಿಂದೆ ಇದ್ದು, ಕರುಳಿನ ಗಾಳಿ ಅದನ್ನು ಮರೆಮಾಡುತ್ತದೆ. ಇದಕ್ಕೆ ತಕ್ಕ ಪರೀಕ್ಷೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಕಾಣಲು ರಕ್ತನಾಳಕ್ಕೆ ಕೊಡುವ ದ್ರವ) ಕೊಟ್ಟು ಮಾಡುವ ಸಿ.ಟಿ. ಸ್ಕ್ಯಾನ್. ಅದಕ್ಕೂ ಮೊದಲು ಕಿಡ್ನಿಯ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ, ಅವರು ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಸ್ಕ್ಯಾನ್ ಮಾಡುವವರಿಗೆ ತಿಳಿಸಿ. ಇತ್ತೀಚಿನ ಕೆಲವು ಸಕ್ಕರೆ ಔಷಧಗಳು ತಾವೇ ತೂಕ ಇಳಿಸುತ್ತವೆ. ಹಾಗಾಗಿ ಯಾವ ಔಷಧ ಯಾವ ತಿಂಗಳು ಶುರುವಾಯಿತು, ತೂಕ ಇಳಿಯತೊಡಗಿದ್ದು ಅದಕ್ಕೆ ಮೊದಲೋ ಆಮೇಲೋ ಎಂಬುದನ್ನು ಬರೆದುಕೊಂಡು ಹೋಗಿ. ನಮ್ಮಲ್ಲಿ ಸಕ್ಕರೆ ರೋಗಿಗಳ ಫೈಲಿನಲ್ಲಿ ಊಟಕ್ಕೆ ಮುಂಚಿನ, ಊಟದ ನಂತರದ ಅಂಕಿಗಳು ಸಾಲುಸಾಲಾಗಿ ಇರುತ್ತವೆ, ತೂಕದ ಜಾಗ ಮಾತ್ರ ಖಾಲಿ ಇರುತ್ತದೆ. ಪ್ರತಿ ಭೇಟಿಯಲ್ಲೂ ತೂಕ ಬರೆಸಿಕೊಳ್ಳಿ. ಪ್ರಯತ್ನವಿಲ್ಲದೆ ಆರರಿಂದ ಹನ್ನೆರಡು ತಿಂಗಳಲ್ಲಿ ಮೈತೂಕದ ನೂರಕ್ಕೆ ಐದು ಭಾಗ ಇಳಿದಿದ್ದರೆ ಅದಕ್ಕೆ ಕಾರಣ ಹುಡುಕಲೇಬೇಕು.

ಪ್ರಶ್ನೆ: ನನಗೆ 56 ವರ್ಷ. ಬಹಳ ವರ್ಷಗಳಿಂದ ಮೂಲವ್ಯಾಧಿ ಇದೆ. ಕಳೆದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆ ನಡೆಯುತ್ತಿದೆ. ಮಲದಲ್ಲಿ ರಕ್ತ ಹೋಗುವುದು ಹೆಚ್ಚಾಗಿದ್ದು, ಹಿಮೋಗ್ಲೋಬಿನ್ 8.6ಕ್ಕೆ ಇಳಿದಿದೆ. ರಕ್ತ ತೆಳುವಾಗಿಸುವ ಮಾತ್ರೆಯಿಂದ ಹೀಗಾಗಿದೆ ಎಂದು ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದಾರೆ. ಹೃದಯದ ಮಾತ್ರೆ ನಿಲ್ಲಿಸಲೇ?
– ಓದುಗರು, ದಾವಣಗೆರೆ

ಉತ್ತರ: ಹೃದಯದ ಮಾತ್ರೆಗಳನ್ನು ನೀವಾಗಿ ಒಂದು ದಿನವೂ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ಇವನ್ನು ಥಟ್ಟನೆ ಬಿಟ್ಟರೆ ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು.

ಇನ್ನು ರಕ್ತಸ್ರಾವದ ವಿಷಯ. ಈ ಮಾತ್ರೆಗಳು ಕರುಳಿನಲ್ಲಿ ಗಾಯವಿದ್ದರೆ ಅದು ಬೇಗ ಮತ್ತು ಹೆಚ್ಚು ಒಸರುವಂತೆ ಮಾಡುತ್ತವೆ. ಒಸರುತ್ತಿರುವುದು ಎಲ್ಲಿಂದ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ಹಲವು ದೇಶಗಳ 27,000ಕ್ಕೂ ಹೆಚ್ಚು ಹೃದಯ ಮತ್ತು ರಕ್ತನಾಳದ ರೋಗಿಗಳನ್ನು ಒಳಗೊಂಡ ಕಂಪಾಸ್ ಎಂಬ ಪ್ರಯೋಗದಲ್ಲಿ, ಇಂಥ ಔಷಧ ತೆಗೆದುಕೊಳ್ಳುವಾಗ ಜಠರ ಅಥವಾ ಕರುಳಿನಿಂದ ರಕ್ತ ಹೋದವರಲ್ಲಿ ಆ ಭಾಗದ ಕ್ಯಾನ್ಸರ್ ಆಮೇಲೆ ಪತ್ತೆಯಾದ ಪ್ರಮಾಣವು ರಕ್ತ ಹೋಗದವರಿಗಿಂತ ಹಲವು ಪಟ್ಟು ಹೆಚ್ಚಿತ್ತು. ಇದಕ್ಕೆ ಕಾರಣ ಮಾತ್ರೆಯಿಂದ ಕ್ಯಾನ್ಸರ್ ಬರುವುದಲ್ಲ, ಅಡಗಿದ್ದ ಗೆಡ್ಡೆ ಮಾತ್ರೆಯ ದೆಸೆಯಿಂದ ಬೇಗ ರಕ್ತ ತೋರಿಸುವುದು. ಆ ಸೂಚನೆಯನ್ನು ಬಳಸಿಕೊಂಡರೆ ನಿಮ್ಮ ಹೃದಯದ ಔಷಧವೇ ನಿಮಗೆ ಉಪಕಾರ ಮಾಡಿದಂತೆ. ಮೂತ್ರದಲ್ಲಿ ರಕ್ತ ಕಂಡವರಿಗೂ ಇದೇ ಮಾತು ಅನ್ವಯಿಸುತ್ತದೆ.

ಮೂಲವ್ಯಾಧಿಯ ರಕ್ತ ಸಾಮಾನ್ಯವಾಗಿ ಹೊಳೆಯುವ ಕೆಂಪು ಬಣ್ಣದ್ದಾಗಿದ್ದು, ಮಲ ಹೋದ ಮೇಲೆ ತೊಟ್ಟಿಕ್ಕುತ್ತದೆ. ಮಲದೊಂದಿಗೆ ಬೆರೆತು ಬರುವ ರಕ್ತ, ಲೋಳೆ, ಹೊರಗೆ ಹೋಗುವ ಅಭ್ಯಾಸದಲ್ಲಿ ಕಾಣುವ ಬದಲಾವಣೆ, ಹೋಗಿಬಂದ ಮೇಲೂ ಪೂರ್ತಿ ಆಗಿಲ್ಲ ಎನ್ನಿಸುವುದು ಇವು ಮೂಲವ್ಯಾಧಿಯಲ್ಲಿ ಅಷ್ಟಾಗಿ ಇರುವುದಿಲ್ಲ. ಆದರೆ ಬಣ್ಣ ನೋಡಿ ರೋಗ ನಿರ್ಧರಿಸಲು ಹೋಗಬೇಡಿ, ಏಕೆಂದರೆ ಗುದನಾಳದ ಕೆಳಭಾಗದ ಕ್ಯಾನ್ಸರಿನ ರಕ್ತವೂ ಕೆಂಪಾಗಿಯೇ ಇರುತ್ತದೆ. ಅಲ್ಲದೆ ಮೂಲವ್ಯಾಧಿ ಇರುವವರಿಗೆ ಕ್ಯಾನ್ಸರ್ ಬರಬಾರದೆಂಬ ನಿಯಮವೇನೂ ಇಲ್ಲ, ಎರಡೂ ಒಬ್ಬರಲ್ಲೇ ಇರಬಹುದು.

ಮೊದಲ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಎಡ ಮಗ್ಗುಲಿಗೆ ಮಲಗಿ ಮಂಡಿಗಳನ್ನು ಹೊಟ್ಟೆಗೆ ಎಳೆದುಕೊಂಡಾಗ, ವೈದ್ಯರು ಕೈಗವಸು ಹಾಕಿ ಜೆಲ್ಲಿ ಸವರಿದ ಬೆರಳಿನಿಂದ ಗುದನಾಳವನ್ನು ಸುತ್ತಲೂ ಮುಟ್ಟಿ ನೋಡುತ್ತಾರೆ. ಒಂದೆರಡು ನಿಮಿಷ ಸಾಕು. ಮೂಲವ್ಯಾಧಿಯ ಊತ ಮೆತ್ತಗಿದ್ದು ಬೆರಳಿಗೆ ಹೆಚ್ಚಾಗಿ ಸಿಗುವುದಿಲ್ಲ. ಗೆಡ್ಡೆಯಾದರೆ ಗಟ್ಟಿಯಾದ, ಒರಟಾದ ಅಂಚು ತಾಗುತ್ತದೆ. ವರ್ಷಗಟ್ಟಲೆ ಮುಲಾಮು ಹಚ್ಚಿಕೊಂಡವರಲ್ಲಿ ಈ ಪರೀಕ್ಷೆ ಒಮ್ಮೆಯೂ ಆಗಿರದವರು ಎಷ್ಟೋ ಮಂದಿ ಇದ್ದಾರೆ. ರೋಗಿಗೆ ನಾಚಿಕೆ, ವೈದ್ಯರಿಗೆ ಸಮಯವಿಲ್ಲ. ಇದನ್ನು ನಾನು ಬೇಸರದಿಂದಲೇ ಬರೆಯುತ್ತಿದ್ದೇನೆ. ನೀವೇ ಬಾಯಿಬಿಟ್ಟು ಕೇಳಿ.

ನಿಮ್ಮ ವಯಸ್ಸಿನ ಗಂಡಸಿನಲ್ಲಿ ಕಬ್ಬಿಣಾಂಶ ಕಡಿಮೆಯಾಗಿ ಬಂದ ರಕ್ತಹೀನತೆಗೆ ಮೂಲವ್ಯಾಧಿಯೊಂದೇ ಕಾರಣವೆಂದು ಒಪ್ಪುವ ಮೊದಲು ಜಠರದ ಎಂಡೋಸ್ಕೋಪಿ, ದೊಡ್ಡ ಕರುಳಿನ ಕೊಲೊನೋಸ್ಕೋಪಿ ಎರಡೂ ಆಗಬೇಕು. ದೊಡ್ಡ ಕರುಳಿನ ಬಲಭಾಗದ ಗೆಡ್ಡೆ ನೋವು ಕೊಡದೆ, ಕಣ್ಣಿಗೆ ಕಾಣದಷ್ಟು ರಕ್ತವನ್ನು ದಿನವೂ ಕಳೆದು, ಸುಸ್ತು, ಏದುಸಿರಿನ ರೂಪದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಹೃದ್ರೋಗಿಯಾದ ನಿಮ್ಮಲ್ಲಿ ಆ ಏದುಸಿರನ್ನೂ ಹೃದಯದ ಲೆಕ್ಕಕ್ಕೆ ಸೇರಿಸಿಬಿಡುವ ಅಪಾಯವಿದೆ. ಕೊಳವೆ ಹಾಕಿ ನೋಡುವುದಕ್ಕೆ, ಸಣ್ಣ ಚೂರು ತೆಗೆಯುವುದಕ್ಕೆ ಸಾಮಾನ್ಯವಾಗಿ ಹೃದಯದ ಮಾತ್ರೆ ನಿಲ್ಲಿಸಬೇಕಾಗಿಲ್ಲ. ದೊಡ್ಡ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆದ ಗಂಟು) ತೆಗೆಯಬೇಕಾಗಿ ಬಂದರೆ ಹೃದಯತಜ್ಞರೂ ಜಠರತಜ್ಞರೂ ಮಾತಾಡಿಕೊಂಡು ನಿರ್ಧರಿಸುತ್ತಾರೆ. ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಆದರೆ ಟಾರಿನಂತೆ ಅಂಟಂಟಾಗಿ ವಿಪರೀತ ನಾತ ಹೊಡೆಯುವ ಕಪ್ಪು ಮಲ ಜಠರದ ರಕ್ತಸ್ರಾವದ ಗುರುತು, ಅಂಥದ್ದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕೊಲೊನೋಸ್ಕೋಪಿಗೆ ಸುಮಾರು ಒಂದು ವಾರ ಮೊದಲು ಕಬ್ಬಿಣಾಂಶದ ಮಾತ್ರೆಯನ್ನು ನಿಲ್ಲಿಸಲು ಹೇಳುತ್ತಾರೆ, ಇಲ್ಲವಾದರೆ ಕರುಳಿನ ಗೋಡೆ ಸ್ಪಷ್ಟವಾಗಿ ಕಾಣುವುದಿಲ್ಲ.

ಪ್ರಶ್ನೆ: ಅಣ್ಣನಿಗೆ 58 ವರ್ಷ, ಬೀಡಿ ಸೇದುವ ಅಭ್ಯಾಸವಿದೆ. ಇಪ್ಪತ್ತು ವರ್ಷದ ಹಿಂದೆ ಟಿ.ಬಿ. ಆಗಿ ಗುಣವಾಗಿತ್ತು. ಈಗ ಮತ್ತೆ ಕೆಮ್ಮು, ಕಫದಲ್ಲಿ ರಕ್ತದ ಗೆರೆ. ಕಫ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಎಕ್ಸ್‌ರೇಯಲ್ಲಿ ಕಲೆ ಇದೆ ಎಂದು ಟಿ.ಬಿ. ಮಾತ್ರೆ ಶುರುಮಾಡಿ ಮೂರು ತಿಂಗಳಾಯಿತು, ಕಡಿಮೆಯಾಗಿಲ್ಲ.
– ಓದುಗರು, ರಾಯಚೂರು

ಉತ್ತರ: ಟಿ.ಬಿ. ಇಷ್ಟು ಸಾಮಾನ್ಯವಾಗಿರುವ ನಮ್ಮ ದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಡವಾಗಿ ಪತ್ತೆಯಾಗುವುದಕ್ಕೆ ಅದನ್ನು ಟಿ.ಬಿ. ಎಂದೇ ಭಾವಿಸುವುದೂ ಒಂದು ಮುಖ್ಯ ಕಾರಣ. ಕೆಮ್ಮು, ರಕ್ತ, ಜ್ವರ, ಸೊರಗುವಿಕೆ, ಎಕ್ಸ್‌ರೇಯ ಬಿಳಿ ಕಲೆ ಎಲ್ಲವೂ ಎರಡು ರೋಗಗಳಲ್ಲೂ ಒಂದೇ ತೆರನಾಗಿರುತ್ತವೆ. ಹಳೆಯ ಟಿ.ಬಿ.ಯ ಗಾಯದ ಗುರುತು ಇರುವ ಶ್ವಾಸಕೋಶದಲ್ಲಿ ಹೊಸ ಕಲೆಯನ್ನು ಬೇರ್ಪಡಿಸಿ ನೋಡುವುದು ಇನ್ನೂ ಕಷ್ಟ. ಟಿ.ಬಿ. ಆಗಿಹೋದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾಧ್ಯತೆಯೂ ತುಸು ಹೆಚ್ಚೇ ಇದೆ, ಅದಕ್ಕೆ ಬೀಡಿಯೂ ಸೇರಿದೆ.

ರೋಗಾಣು ಸಿಗದೆ, ಅನುಮಾನದ ಮೇಲೆ ಟಿ.ಬಿ. ಚಿಕಿತ್ಸೆ ಆರಂಭಿಸಿದಾಗ, ಮೊದಲ ಎರಡು ತಿಂಗಳ ತೀವ್ರ ಹಂತ ಮುಗಿಯುವ ಹೊತ್ತಿಗೆ ಹಸಿವು, ತೂಕ, ಕೆಮ್ಮು ಸುಧಾರಿಸಬೇಕು. ಸುಧಾರಿಸದಿದ್ದರೆ ಅದು ಮದ್ದಿಗೆ ಬಗ್ಗದ ಟಿ.ಬಿ.ಯೋ ಅಥವಾ ಟಿ.ಬಿ.ಯೇ ಅಲ್ಲವೋ ಎಂದು ನೋಡಬೇಕು. ಸಿಬಿನ್ಯಾಟ್ ಎಂಬ ಕಫದ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ, ಅದು ರೋಗಾಣುವಿನ ಜೊತೆಗೆ ರಿಫಾಂಪಿಸಿನ್ ಔಷಧಕ್ಕೆ ಅದು ಬಗ್ಗುತ್ತದೆಯೇ ಎಂಬುದನ್ನೂ ತೋರಿಸುತ್ತದೆ. ನಿಮ್ಮ ಅಣ್ಣನ ವಿಷಯದಲ್ಲಿ ಎದೆಯ ಸಿ.ಟಿ. ಸ್ಕ್ಯಾನ್, ನಂತರ ಬ್ರಾಂಕೋಸ್ಕೋಪಿ (ಶ್ವಾಸನಾಳಕ್ಕೆ ಕೊಳವೆ ಹಾಕಿ ನೋಡುವುದು) ಅಥವಾ ಸೂಜಿಯಿಂದ ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸುವುದು) ಆಗಬೇಕು. ಹಳೆಯ ಎಕ್ಸ್‌ರೇ ಫಿಲ್ಮ್‌ಗಳು ಮನೆಯಲ್ಲಿ ಎಲ್ಲಾದರೂ ಇದ್ದರೆ ಹುಡುಕಿ ಒಯ್ಯಿರಿ, ಇಪ್ಪತ್ತು ವರ್ಷದಿಂದ ಹಾಗೆಯೇ ಇರುವ ಕಲೆಗೂ ಈಗ ಬೆಳೆದಿರುವ ಕಲೆಗೂ ಬಹಳ ವ್ಯತ್ಯಾಸವಿದೆ. ದನಿ ಗೊಗ್ಗರಾಗುವುದು, ಮುಖ ಮತ್ತು ಕತ್ತು ಊದಿಕೊಳ್ಳುವುದು, ಉಗುರಿನ ಬುಡ ಉಬ್ಬುವುದು ಕಂಡರೆ ಇನ್ನೂ ತ್ವರೆ ಮಾಡಿ. ಅಲ್ಲಿಯವರೆಗೆ ಟಿ.ಬಿ. ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸಬಾರದು.

ಕೆಲವರು ನೇರವಾಗಿ ಪೆಟ್ ಸ್ಕ್ಯಾನ್ (ಸಕ್ಕರೆಯಂಥ ವಿಕಿರಣಶೀಲ ವಸ್ತುವನ್ನು ಚುಚ್ಚಿ, ಅದನ್ನು ಹೆಚ್ಚು ಹೀರುವ ಜಾಗಗಳನ್ನು ತೋರಿಸುವ ಪರೀಕ್ಷೆ) ಮಾಡಿಸಿ ಗುಲ್ಲೆಬ್ಬಿಸುತ್ತಾರೆ. ಟಿ.ಬಿ. ಗಂಟೂ ಪೆಟ್ ಸ್ಕ್ಯಾನ್‌ನಲ್ಲಿ ಕ್ಯಾನ್ಸರಿನಂತೆಯೇ ಹೊಳೆಯುತ್ತದೆ. ರಕ್ತದ ಸಕ್ಕರೆ 200 ಮಿ.ಗ್ರಾಂ ಮೀರಿದ್ದರೆ ಆ ಪರೀಕ್ಷೆಯನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ. ಯಾವ ಚಿತ್ರವೂ ಬಯಾಪ್ಸಿಗೆ ಬದಲಿಯಲ್ಲ.

ಪ್ರಶ್ನೆ: ಪ್ರಾಸ್ಟೇಟ್ ಊತಕ್ಕೆ ಎರಡು ವರ್ಷದಿಂದ ಡ್ಯುಟಾಸ್ಟೆರೈಡ್ ತೆಗೆದುಕೊಳ್ಳುತ್ತಿದ್ದೇನೆ. ಪಿಎಸ್‌ಎ (ಪ್ರಾಸ್ಟೇಟ್‌ಗೆ ಮಾಡುವ ರಕ್ತಪರೀಕ್ಷೆ) 3.2 ಬಂದಿದೆ. 4ರ ಒಳಗಿದೆಯಲ್ಲ, ನಿಶ್ಚಿಂತೆಯಿಂದ ಇರಬಹುದೇ?
– ಓದುಗರು, ಉಡುಪಿ

ಉತ್ತರ: ಈ ಮಾತ್ರೆಯೂ ಫಿನಾಸ್ಟೆರೈಡ್ ಕೂಡ ಆರು ತಿಂಗಳಿಂದ ಒಂದು ವರ್ಷದೊಳಗೆ ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಹಾಗಾಗಿ ನಿಮ್ಮ 3.2ನ್ನು 6.4ರ ಹತ್ತಿರ ಎಂದು ಓದಬೇಕು. ಇದರರ್ಥ ಕ್ಯಾನ್ಸರ್ ಇದೆ ಎಂದಲ್ಲ, ಊತವೊಂದೇ ಪಿಎಸ್‌ಎಯನ್ನು ಏರಿಸಬಲ್ಲದು, ಮೂತ್ರದ ಸೋಂಕು ಇನ್ನೂ ಏರಿಸುತ್ತದೆ. ಮಾತ್ರೆ ನಡೆಯುತ್ತಿರುವಾಗಲೇ ಅಂಕಿ ಏರುತ್ತಾ ಹೋದರೆ ಅದು ಗಮನಿಸಬೇಕಾದ ಸಂಗತಿ. ಲ್ಯಾಬಿನ ಚೀಟಿಯಲ್ಲಿ ನಿಮ್ಮ ಮಾತ್ರೆಯ ಹೆಸರು ಇರುವುದಿಲ್ಲವಾದ್ದರಿಂದ ಅದನ್ನು ಮೂತ್ರರೋಗ ತಜ್ಞರಿಗೆ ನೀವೇ ಹೇಳಬೇಕು.

ಪ್ರಶ್ನೆ: ನನಗೆ 36. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪದರ ಅದರ ಹೊರಗೂ ಬೆಳೆಯುವ ಕಾಯಿಲೆ) ಇದೆ. ಸಿಎ-125 ಎಂಬ ರಕ್ತಪರೀಕ್ಷೆಯಲ್ಲಿ 110 ಬಂದಿದ್ದು, ಅಂಡಾಶಯದ ಕ್ಯಾನ್ಸರ್ ಎಂದು ಹೆದರಿ ನಿದ್ದೆ ಬರುತ್ತಿಲ್ಲ. 59 ವರ್ಷದ ನಮ್ಮಮ್ಮನಿಗೆ ಸಕ್ಕರೆ, ಬಿಪಿ, ಬೊಜ್ಜು ಇವೆ. ಮುಟ್ಟು ನಿಂತು ಎಂಟು ವರ್ಷವಾದ ಮೇಲೆ ಎರಡು ಸಲ ಸ್ವಲ್ಪ ರಕ್ತ ಕಂಡಿದೆ. ಉಷ್ಣ ಇರಬೇಕು ಎಂದು ಅವರು ಸುಮ್ಮನಿದ್ದಾರೆ.
– ಓದುಗರು, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿ ಹೆಚ್ಚು ಚಿಂತಿಸಬೇಕಾದದ್ದು ನಿಮ್ಮ ಅಂಕಿಯ ಬಗ್ಗೆಯಲ್ಲ, ಅಮ್ಮನ ಬಗ್ಗೆ. ಸಿಎ-125 ಎಂಡೊಮೆಟ್ರಿಯೋಸಿಸ್, ಫೈಬ್ರಾಯ್ಡ್, ಮುಟ್ಟಿನ ದಿನಗಳು, ಹೊಟ್ಟೆಯ ಟಿ.ಬಿ., ಲಿವರ್ ಸಿರೋಸಿಸ್, ಹೃದಯ ವೈಫಲ್ಯ ಎಲ್ಲದರಲ್ಲೂ 35ರ ಮಿತಿ ದಾಟುತ್ತದೆ. ಒಳ್ಳೆಯ ಅಲ್ಟ್ರಾಸೌಂಡ್‌ನಲ್ಲಿ ಅಂಡಾಶಯದ ಗುಳ್ಳೆ ಹೇಗಿದೆ ಎಂಬುದು ಈ ಅಂಕಿಗಿಂತ ಹೆಚ್ಚು ಹೇಳುತ್ತದೆ, ಸ್ತ್ರೀರೋಗ ತಜ್ಞರ ಬಳಿ ಅದನ್ನು ಮಾಡಿಸಿ.

ಮುಟ್ಟು ನಿಂತ ಮೇಲೆ ಕಾಣುವ ರಕ್ತ ಒಂದು ಹನಿಯಾದರೂ ಉಷ್ಣವಲ್ಲ. ಹೀಗೆ ರಕ್ತ ಕಂಡ ಸುಮಾರು ಹತ್ತು ಮಹಿಳೆಯರಲ್ಲಿ ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಮೈಯ ಕೊಬ್ಬಿನಲ್ಲಿ ಈಸ್ಟ್ರೋಜೆನ್ ತಯಾರಾಗುತ್ತಲೇ ಇರುವುದರಿಂದ ಬೊಜ್ಜು ಇರುವವರಲ್ಲಿ ಈ ಕ್ಯಾನ್ಸರ್ ಹೆಚ್ಚು, ಸಕ್ಕರೆ ಕಾಯಿಲೆಯೂ ಅದರ ಜೊತೆಗೂಡುತ್ತದೆ. ಒಳಪದರದ ದಪ್ಪ ಸ್ಕ್ಯಾನ್‌ನಲ್ಲಿ 4 ಮಿ.ಮೀ. ಮೀರಿದ್ದರೆ, ಅಥವಾ ರಕ್ತ ಮತ್ತೆ ಮತ್ತೆ ಕಂಡರೆ, ತೆಳುವಾದ ನಳಿಕೆಯಿಂದ ಚೂರು ತೆಗೆದು ಪರೀಕ್ಷಿಸುತ್ತಾರೆ. ಬೇಗ ಸಿಕ್ಕರೆ ಬಹುಪಾಲು ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುವ ಕ್ಯಾನ್ಸರ್ ಇದು. ಈ ವಾರವೇ ಅಮ್ಮನನ್ನು ಕರೆದುಕೊಂಡು ಹೋಗಿ.

ಪ್ರಶ್ನೆ: ಯಜಮಾನರಿಗೆ ಎಲೆಅಡಿಕೆ ಅಭ್ಯಾಸ, ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ. ಕಟ್ಟಿಸಿದ ಹಲ್ಲು ತಾಗಿ ಕೆನ್ನೆಯ ಒಳಗೆ ಹುಣ್ಣಾಗಿ ಎರಡು ತಿಂಗಳಾಯಿತು. ಶುಗರ್ ಇರುವುದರಿಂದ ಮಾಯುತ್ತಿಲ್ಲ ಎನ್ನುತ್ತಾರೆ. ತಂಬಾಕು ಹಾಕುವುದಿಲ್ಲ.
– ಓದುಗರು, ಶಿರಸಿ

ಉತ್ತರ: ಅಡಿಕೆ ಬೆಳೆದು ಬದುಕುವ ಸೀಮೆಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರಿಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಬಾಯಿ ತೆರೆಯಲಾಗದಂತೆ ಕೆನ್ನೆ ಬಿಗಿದುಕೊಳ್ಳುವುದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಸ್ಥಿತಿಯ ಲಕ್ಷಣ, ಅದು ಕ್ಯಾನ್ಸರಿಗೆ ಮುಂಚಿನ ಹಂತವಾಗಬಲ್ಲದು. ಬಾಯಿ ತೆರೆಯದವರಲ್ಲಿ ಹಿಂದಿನ ದವಡೆಯ ಬಳಿಯ ಹುಣ್ಣು ವೈದ್ಯರ ಟಾರ್ಚಿಗೂ ಸಿಗದೆ ಹೋಗುತ್ತದೆ ಎಂಬುದು ಮತ್ತೊಂದು ತೊಡಕು.

ತಾಗುವ ಹಲ್ಲನ್ನು ತೆಗೆದಿಟ್ಟು ಎರಡು ವಾರ ನೋಡುವುದು ಸರಿಯಾದ ಕ್ರಮ. ಎರಡು ತಿಂಗಳಾದ ಹುಣ್ಣಿಗೆ ಆ ಗಡುವು ದಾಟಿಹೋಗಿದೆ. ಸಕ್ಕರೆ ಕಾಯಿಲೆಯಲ್ಲಿ ಗಾಯ ನಿಧಾನವಾಗಿ ಮಾಯುವುದು ನಿಜವಾದರೂ, ಸಕ್ಕರೆ ಹತೋಟಿಗೆ ಬರಲಿ ಎಂದು ಬಯಾಪ್ಸಿಯನ್ನು ಮುಂದೂಡಬೇಕಾಗಿಲ್ಲ. ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯವರೆಗೆ ಹೋಗಲು ಆಗದಿದ್ದರೆ ಹತ್ತಿರದ ದಂತ ವೈದ್ಯಕೀಯ ಕಾಲೇಜಿನಲ್ಲೂ ಇದು ಆಗುತ್ತದೆ. ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆಯ ಜೊತೆಯಲ್ಲೇ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡುವುದು ಸರ್ಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದ ಭಾಗವಾಗಿದೆ. ಸಕ್ಕರೆ ಮಾತ್ರೆಗೆಂದು ಆರೋಗ್ಯ ಕೇಂದ್ರಕ್ಕೆ ಹೋದ ದಿನವೇ ಬಾಯನ್ನೂ ನೋಡಿ ಎಂದು ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ತಮ್ಮನಿಗೆ ಸ್ಕಿಜೋಫ್ರೇನಿಯಾ. ಹಿಂದೆ ಹೊಟ್ಟೆಯಲ್ಲಿ ಹಾವಿದೆ ಎನ್ನುತ್ತಿದ್ದ. ಈಗ ಹೊಟ್ಟೆನೋವು ಎನ್ನುತ್ತಾನೆ, ಊಟ ಸೇರುತ್ತಿಲ್ಲ. ಹೋದಲ್ಲೆಲ್ಲ ಮನೋವೈದ್ಯರ ಬಳಿಗೇ ಕಳಿಸುತ್ತಾರೆ.
– ಓದುಗರು, ಧಾರವಾಡ

ಉತ್ತರ: ಮನೋರೋಗ ಇರುವವರ ದೇಹದ ನೋವನ್ನು ನಂಬದಿರುವುದು ಅನ್ಯಾಯ, ಅದರಿಂದ ಜೀವಹಾನಿಯೂ ಆಗುತ್ತದೆ. ಅವರ ಮಾತನ್ನು ಯಾರೂ ಕೇಳದಿರುವಾಗ ಅಳೆದು ತೋರಿಸಬಹುದಾದ ಸಂಗತಿಗಳು ನಿಮಗೆ ಆಸರೆಯಾಗುತ್ತವೆ: ಈಗಿನ ತೂಕ, ಆರು ತಿಂಗಳ ಹಿಂದಿನ ತೂಕ, ಹಿಮೋಗ್ಲೋಬಿನ್, ಎಷ್ಟು ದಿನದಿಂದ ವಾಂತಿ, ರಾತ್ರಿ ನೋವಿಗೆ ಏಳುತ್ತಾನೆಯೇ ಎಂಬುದು. ಇದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ನೀವೇ ಜೊತೆಯಲ್ಲಿ ಹೋಗಿ. ಮನೋರೋಗದ ಹಲವು ಔಷಧಗಳು ತೂಕವನ್ನು ಏರಿಸುತ್ತವೆ. ಅವನ್ನು ತೆಗೆದುಕೊಳ್ಳುತ್ತಿದ್ದೂ ಸೊರಗುತ್ತಿರುವುದು ಇನ್ನೂ ಗಂಭೀರವಾಗಿ ನೋಡಬೇಕಾದ ವಿಷಯ. ಅವನ ಮನೋವೈದ್ಯರಿಂದಲೇ ಜಠರತಜ್ಞರಿಗೆ ಒಂದು ಪತ್ರ ಬರೆಸಿಕೊಳ್ಳಿ.

ಪ್ರಶ್ನೆ: ಅಜ್ಜಿಗೆ 82. ಹೃದಯ ಮತ್ತು ಕಿಡ್ನಿ ಎರಡೂ ದುರ್ಬಲ. ಅವರಿಗೂ ಪ್ರತಿ ವರ್ಷ ಕ್ಯಾನ್ಸರ್ ತಪಾಸಣೆ ಮಾಡಿಸಬೇಕೇ? ಸ್ತನದಲ್ಲಿ ಒಂದು ಗಂಟಿದೆ ಎಂದು ಮೊನ್ನೆ ಹೇಳಿದರು.
– ಓದುಗರು, ತುಮಕೂರು

ಉತ್ತರ: ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಏನೂ ತೊಂದರೆ ಇಲ್ಲದಾಗ ಮಾಡುವ ತಪಾಸಣೆಯ ಲಾಭ ಕೈಗೆ ಸಿಗಲು ಸುಮಾರು ಹತ್ತು ವರ್ಷ ಬೇಕಾಗುತ್ತದೆ. ಹೃದಯ, ಕಿಡ್ನಿ ಎರಡೂ ಸೋತಿರುವ 82ರ ಅಜ್ಜಿಗೆ ಅದರಿಂದ ಅಲೆದಾಟವೇ ಹೆಚ್ಚು, ಅದು ಬೇಡ. ಆದರೆ ಈಗ ಗಂಟು ಕಂಡಿದೆ, ಅದನ್ನು ವಯಸ್ಸಾಯಿತೆಂದು ಬಿಟ್ಟುಬಿಡುವುದು ಸರಿಯಲ್ಲ. ಸ್ತನದ ಅಲ್ಟ್ರಾಸೌಂಡ್‌ಗಾಗಲಿ ಮ್ಯಾಮೊಗ್ರಾಮ್‌ಗಾಗಲಿ ಕಿಡ್ನಿಗೆ ತೊಂದರೆ ಕೊಡುವ ಕಾಂಟ್ರಾಸ್ಟ್ ಬೇಕಾಗಿಲ್ಲ, ಸೂಜಿ ಬಯಾಪ್ಸಿಯನ್ನು ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುತ್ತಾರೆ. ವಯಸ್ಸಾದವರ ಸ್ತನ ಕ್ಯಾನ್ಸರ್ ಹೆಚ್ಚಾಗಿ ಹಾರ್ಮೋನಿಗೆ ಸ್ಪಂದಿಸುವ ಬಗೆಯದು. ಅಂಥದ್ದಾಗಿದ್ದರೆ, ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಲಾಗದಿದ್ದರೂ, ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆಯಿಂದ ಅದನ್ನು ವರ್ಷಗಳ ಕಾಲ ಹದ್ದುಬಸ್ತಿನಲ್ಲಿಡಲು ಸಾಧ್ಯವಿದೆ. ಬಯಾಪ್ಸಿ ವರದಿಯಲ್ಲಿ, ಗೆಡ್ಡೆ ಹಾರ್ಮೋನಿಗೆ ಸ್ಪಂದಿಸುವ ಬಗೆಯದೇ ಎಂದು ತಿಳಿಸುವ ಈಆರ್, ಪಿಆರ್ ಪರೀಕ್ಷೆಯ ಫಲಿತಾಂಶವೂ ಇರಲಿ ಎಂದು ಮೊದಲೇ ಹೇಳಿ.